ಎದೆ ಢವಢವ ಅಂದರೆ ಹೈದರಾಬಾದಿಗೇ ಓಡಬೇಕಾ?

ನಮ್ಮ ಕಲಬುರಗಿ ಕಡೆ ಒಂದು ರೂಢಿ ಇದೆ. ಎದೆ ಢವಢವ ಅಂತು, ಕೈಕಾಲು ತಣ್ಣಗಾದವು ಅಂದರೆ ಮೊದಲು ಇಸಿಜಿ. ಅದು ನಾರ್ಮಲ್ ಬಂದರೆ ಸೊಲ್ಲಾಪುರ, ಇಲ್ಲವೇ ಹೈದರಾಬಾದ್. ಅಲ್ಲೂ ಎಕೋ, ಥೈರಾಯ್ಡ್ ಎಲ್ಲಾ ಸರಿ ಇದೆ ಅಂದಮೇಲೆ ಮನೆಯವರು "ಏನೂ ಆಗಿಲ್ಲ, ಸುಮ್ನೆ ಮನಸ್ಸಿಗೆ ಹಚ್ಕೊಂಡಾನ" ಎಂದು ಮಾತು ಮುಗಿಸುತ್ತಾರೆ. ಹೃದಯ ತೋರಿಸಿಕೊಳ್ಳುವುದು ಸರಿಯೇ, ಅದನ್ನು ಬಿಡಬಾರದು. ಆದರೆ ಎಲ್ಲಾ ರಿಪೋರ್ಟ್ ಸರಿ ಬಂದಮೇಲೂ ಆ ಮನುಷ್ಯ ರಾತ್ರಿ ನಿದ್ದೆ ಮಾಡುತ್ತಿಲ್ಲ, ಅಲ್ವಾ? ಅವನಿಗೆ ಮುಂದಿನ ದಾರಿ ಯಾರೂ ಹೇಳುವುದಿಲ್ಲ.

ನನ್ನ ಸೋದರಮಾವನ ಮಗ ಕಪನೂರು ಇಂಡಸ್ಟ್ರಿಯಲ್ ಏರಿಯಾದ ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಪ್ಯಾನಿಕ್ ಅಟ್ಯಾಕ್‌ಗೆ, ಅಂದರೆ ಇದ್ದಕ್ಕಿದ್ದಂತೆ ಬಂದು ಎದೆ ಬಡಿತ ಏರಿಸುವ ವಿಪರೀತ ಭಯಕ್ಕೆ, ಅವನು ಬೆಂಗಳೂರಿನ ಒಬ್ಬ ಸೈಕಾಲಜಿಸ್ಟ್ ಜೊತೆ ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ (ಯೋಚನೆ, ನಡವಳಿಕೆಯ ರೂಢಿ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ), ತೆಗೆದುಕೊಂಡ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಪದ್ಧತಿ ಇದು. ಬರೀ ಸಮಾಧಾನದ ಮಾತಲ್ಲ, ಕೈಗೆ ಕೆಲಸ ಕೊಡುತ್ತದೆ.

ಅವನ ನೋಟ್‌ಬುಕ್ ತೋರಿಸಿದ. ಒಂದು ಪುಟದಲ್ಲಿ ಹೀಗಿತ್ತು. ಆಗಿದ್ದು: ಊಟ ಆದಮೇಲೆ ಎದೆ ಬಡಿತ ಜೋರಾಯ್ತು. ಅನ್ನಿಸಿದ್ದು: ಬೆಳಗಿನ ತನಕ ಉಳಿಯಲ್ಲ. ಭಯ: 100ಕ್ಕೆ 90. ಪಕ್ಕದಲ್ಲಿ ಪುರಾವೆ: ಇಸಿಜಿ ಸರಿ, ಎಕೋ ಸರಿ, ಹಿಂದೆಯೂ ಹೀಗೇ ಬಂದು ತಾನಾಗಿ ಇಳಿದಿದೆ. ಇಷ್ಟು ಬರೆದಮೇಲೆ ಭಯ: 50. ಸೊನ್ನೆ ಆಗಿಲ್ಲ ನೋಡಿ. ಆದರೆ ಆ ರಾತ್ರಿ ಅವನು ಆಟೋ ಹಿಡಿದು ಆಸ್ಪತ್ರೆಗೆ ಓಡಲಿಲ್ಲ.

ಇನ್ನೊಂದು ಕೆಲಸ ನನಗೆ ಬಹಳ ಹಿಡಿಸಿತು. ವೈದ್ಯರು ಹೃದಯಕ್ಕೆ ಏನೂ ತೊಂದರೆ ಇಲ್ಲ ಎಂದಿದ್ದರಿಂದ, ಮನೆಯ ಮೆಟ್ಟಿಲು ಬೇಗ ಬೇಗ ಹತ್ತಿ ಇಳಿದು ಬೇಕಂತಲೇ ಎದೆ ಬಡಿತ ಏರಿಸಿಕೊಳ್ಳಬೇಕಿತ್ತು. ಆಮೇಲೆ ಓಡಿಹೋಗದೆ, ನೀರು ಕುಡಿಯದೆ, ಯಾರನ್ನೂ ಕರೆಯದೆ ಸುಮ್ಮನೆ ಕೂತು ಅದು ಇಳಿಯುವುದನ್ನು ನೋಡಬೇಕು. ಬಡಿತಕ್ಕೆ ಹೆದರಿ ಬಡಿತ ಇನ್ನೂ ಏರುವುದೇ ಪ್ಯಾನಿಕ್. ಆ ಸುತ್ತು ಅಲ್ಲಿ ಮುರಿಯುತ್ತದೆ.

"ಫೋನಿನಲ್ಲಿ ಎಂಥಾ ಚಿಕಿತ್ಸೆ?" ಅನ್ನುವವರಿಗೆ ಒಂದು ಮಾತು. ಆತಂಕ, ಖಿನ್ನತೆಗೆ ಆನ್‌ಲೈನ್ ಸಿಬಿಟಿ ಎದುರಾಎದುರು ಕೂತು ಮಾಡಿದಷ್ಟೇ ಕೆಲಸ ಮಾಡಬಲ್ಲದು ಎಂದು ಸ್ವೀಡನ್ ಮುಂತಾದ ಕಡೆ ನಡೆದ ಅಧ್ಯಯನಗಳು ತೋರಿಸಿವೆ. ಆದರೆ ಆ ಕಡೆ ಒಬ್ಬ ಮನುಷ್ಯ ಇರಬೇಕು. ಬರೀ ಆ್ಯಪ್ ಹಾಕಿಕೊಂಡವರು ನಡುವೆಯೇ ಬಿಡುವುದು ಜಾಸ್ತಿ. ಬರೆದದ್ದನ್ನು ಓದಿ, "ಈ ವಾರ ಯಾಕೆ ಮಾಡಲಿಲ್ಲ?" ಎಂದು ಕೇಳುವವರು ಬೇಕು.

ಕುಡಿತ, ಗುಟ್ಕಾದಂಥ ಚಟ ಬಿಡಲೂ ಸಿಬಿಟಿ ಬಳಸುತ್ತಾರೆ, ಆದರೆ ಅಲ್ಲಿ ಮಾತ್ರ ಜೋಪಾನ. ದಿನಾ ಜಾಸ್ತಿ ಕುಡಿಯುವವರು ಆನ್‌ಲೈನ್ ನಂಬಿ ಒಮ್ಮೆಲೇ ನಿಲ್ಲಿಸಬಾರದು. ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಕೈ ನಡುಗಿ ಇಲ್ಲದ್ದು ಕಾಣಬಹುದು, ಜೀವಕ್ಕೂ ಅಪಾಯ. ಮೊದಲು ಆಸ್ಪತ್ರೆ, ಔಷಧ. ಸಿಬಿಟಿಯ ಕೆಲಸ ಆಮೇಲೆ. ಯಾವ ಹೊತ್ತಿಗೆ, ಯಾರ ಜೊತೆ, ಯಾವ ಸಿಟ್ಟಿಗೆ ಕುಡಿಯುವ ಮನಸ್ಸಾಗುತ್ತದೆ ಎಂದು ಗುರುತಿಸುವುದು. ಆ ಚಪಲ ಅಲೆಯ ಹಾಗೆ ಏರಿ ಇಳಿಯುತ್ತದೆ, ಇಳಿಯುವ ತನಕ ಹೇಗೆ ತಡೆದುಕೊಳ್ಳುವುದು ಎಂದು ಕಲಿಯುವುದು. ಒಂದು ದಿನ ಜಾರಿದರೆ "ಎಲ್ಲಾ ಹೋಯ್ತು, ಇನ್ನು ಕುಡಿದರೇನು" ಅನ್ನುವ ಯೋಚನೆಯೇ ಮತ್ತೆ ಅಂಗಡಿಗೆ ಎಳೆಯುತ್ತದೆ. ಅದನ್ನು ಹಿಡಿಯಬೇಕು. ಗುಟ್ಕಾ ಬಿಡುವವರಿಗೂ ಇದೇ ಲೆಕ್ಕ. ಅವರಿಗೆ 1800-11-2356 ಎಂಬ ಉಚಿತ ಸಹಾಯವಾಣಿ ಇದೆ.

ನಿಮ್ಹಾನ್ಸ್ ಮುಂದೆ ನಿಂತು ಮಾಡಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮದ್ಯದ ತೊಂದರೆ ಇರುವ 100 ಜನರಲ್ಲಿ ಸುಮಾರು 86 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಕುಡುಕ ಎಂದು ಬೈಯುವುದಕ್ಕೆ ಊರೆಲ್ಲಾ ಇದೆ, ಇದಕ್ಕೆ ಮದ್ದಿದೆ ಅನ್ನುವವರು ಎಷ್ಟು ಮಂದಿ?

2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 14416ಕ್ಕೆ ಯಾವ ಹೊತ್ತಲ್ಲಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಪೂರ್ತಿ ಸಿಬಿಟಿ ಕೋರ್ಸ್ ಅಲ್ಲ ಅದು, ಆದರೆ ಮೊದಲ ಬಾಗಿಲು. ಸಾಯುವ ಯೋಚನೆ ಬರುತ್ತಿದ್ದರೆ ಈಗಲೇ ಮಾಡಿ, ಹತ್ತಿರದವರಿಗೆ ಹೇಳಿ, ಒಬ್ಬರೇ ಇರಬೇಡಿ.

ನಮ್ಮಲ್ಲಿ ನಿಜವಾದ ಕಷ್ಟ ನೆಟ್‌ವರ್ಕಿಗಿಂತ ಜಾಗದ್ದು. ಎರಡು ಖೋಲಿಯ ಮನೆಯಲ್ಲಿ ಅತ್ತೆ, ಮಕ್ಕಳು, ಟಿವಿ. ಹೆಣ್ಣುಮಕ್ಕಳು ಎಲ್ಲಿ ಕೂತು ಮನಸ್ಸು ಬಿಚ್ಚಬೇಕು? ನನ್ನ ಮಾವನ ಮಗ ಮಾಳಿಗೆ ಹತ್ತಿ ಮಾತಾಡುತ್ತಿದ್ದ. ಮೇ ತಿಂಗಳಲ್ಲಿ ಕಲಬುರಗಿ ಮಾಳಿಗೆ ರಾತ್ರಿಯೂ ಹೇಗೆ ಕಾದಿರುತ್ತದೆ ನಿಮಗೇ ಗೊತ್ತು. ಅವನೇನೋ ಗಂಡಸು, ಹತ್ತಿದ. ಅವನ ಹೆಂಡತಿ ರಾತ್ರಿ ಒಬ್ಬಳೇ ಫೋನ್ ಹಿಡಿದು ಮಾಳಿಗೆ ಹತ್ತಿದ್ದರೆ ಓಣಿ ಸುಮ್ಮನಿರುತ್ತಿತ್ತಾ?

ಅದಕ್ಕೇ ಕೇಳುತ್ತಿದ್ದೇನೆ. ಆಳಂದ, ಚಿಂಚೋಳಿ, ಸೇಡಂ, ಜೇವರ್ಗಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಬಾಗಿಲಿರುವ ಒಂದು ಕೋಣೆ, ಒಂದು ಟ್ಯಾಬ್, ಒಂದು ಹೆಡ್‌ಫೋನ್ ಇಟ್ಟರೆ ಸಾಕು. ಬಾಗಿಲ ಮೇಲೆ ಮಾನಸಿಕ ಎಂಬ ಬೋರ್ಡ್ ಬೇಡ, ರೂಮ್ ನಂಬರ್ ಇರಲಿ. ಆರೋಗ್ಯ ಇಲಾಖೆಯಲ್ಲಿ ಇರುವ ಗೆಳೆಯರು ಮನವಿ ಯಾರಿಗೆ ಕೊಡಬೇಕು ಎಂದು ಕಮೆಂಟಿನಲ್ಲಿ ತಿಳಿಸಿ. ಬರೆಯುವ ಕೆಲಸ ನಾನು ಮಾಡುತ್ತೇನೆ.