ಬೋಮನ್ ಮಾಡಿಸಿದ ನಕ್ಷೆ, ಬೋಮನ್ ನಡೆಸಿದ ವಿಶ್ವವಿದ್ಯಾಲಯ

ಅಮೆರಿಕದ ಭೂಗೋಳಜ್ಞ ಐಸಾಯಾ ಬೋಮನ್ ಅಂದರೆ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಧ್ಯಕ್ಷರು (1935–48) ಎಂದೇ ಪರಿಚಯ ಮಾಡಿಕೊಡುತ್ತಾರೆ. ನನ್ನ ಲೆಕ್ಕದಲ್ಲಿ ಅವರ ದೊಡ್ಡ ಕೆಲಸ ಬೇರೆ. 1920ರಲ್ಲಿ, ಅಮೆರಿಕನ್ ಜಿಯಾಗ್ರಫಿಕಲ್ ಸೊಸೈಟಿಯ ನಿರ್ದೇಶಕರಾಗಿದ್ದಾಗ, ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದ ತುದಿಯವರೆಗೆ 1:10,00,000 ಮಾನದ ನಕ್ಷೆ ಮಾಡಿಸಲು ಕೈಹಾಕಿದರು.

ಆ ಮಾನದಲ್ಲಿ ನೆಲದ 1 ಕಿ.ಮೀ. ಕಾಗದದ ಮೇಲೆ 1 ಮಿ.ಮೀ. ಒಂದು ಹಾಳೆಗೆ 4 ಡಿಗ್ರಿ ಅಕ್ಷಾಂಶ, 6 ಡಿಗ್ರಿ ರೇಖಾಂಶ. ಸಮಭಾಜಕದ ಹತ್ತಿರ ಅದು ಸುಮಾರು 44 ಸೆಂ.ಮೀ. ಎತ್ತರ, 67 ಸೆಂ.ಮೀ. ಅಗಲ. (ಬೆಂಗಳೂರು ಬರುವ ನಮ್ಮ ಸರ್ವೆ ಆಫ್ ಇಂಡಿಯಾದ 57ನೇ ಹಾಳೆಗೂ ಇದೇ ಮಾನ, ಆದರೆ ಅದು 4ಕ್ಕೆ 4 ಡಿಗ್ರಿ.) ಇಂಥ 107 ಹಾಳೆ ಮುಗಿಯುವಾಗ 1945 ಬಂದಿತ್ತು.

ಇಪ್ಪತ್ತೈದು ವರ್ಷ ಯಾಕೆ ಬೇಕಾಯಿತು ಅಂದರೆ, ಇದು ಹೊಸದಾಗಿ ಅಳೆದ ನಕ್ಷೆಯಲ್ಲ, ಇದ್ದಬದ್ದ ಸರ್ವೆಗಳನ್ನು ಕಲೆಹಾಕಿ ಕೂರಿಸಿದ್ದು. ಒಂದೊಂದರ ಮಾನ ಒಂದೊಂದು. ಪಕ್ಕಪಕ್ಕ ಇಟ್ಟರೆ ಒಂದೇ ನದಿ ಎರಡು ಕಡೆ ಹರಿಯುತ್ತದೆ. ಹಾಗಾಗಿ ಸ್ಥಾನ ಖಚಿತವಿರುವ ಬಿಂದುಗಳನ್ನು ಮೊದಲು ಗುರುತಿಸಿ, ಉಳಿದದ್ದನ್ನು ಅವುಗಳ ನಡುವೆ ಹಿಗ್ಗಿಸಿ ಕುಗ್ಗಿಸಿ ಹೊಂದಿಸಬೇಕು. ಆ ಬಿಂದುಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ರೇಖಾಂಶ ಲೆಕ್ಕ ಹಾಕುವುದು ಎರಡು ಜಾಗಗಳ ಸಮಯದ ವ್ಯತ್ಯಾಸದಿಂದ, ಹಾಗಾಗಿ ಅಳೆಯುವವನ ಗಡಿಯಾರ ಬರೀ 4 ಸೆಕೆಂಡ್ ತಪ್ಪಿದರೂ ಸಮಭಾಜಕದಲ್ಲಿ ಊರು ಸುಮಾರು 1.85 ಕಿ.ಮೀ. ಸರಿಯುತ್ತದೆ, ನಕ್ಷೆಯಲ್ಲಿ ಹತ್ತಿರಹತ್ತಿರ 2 ಮಿ.ಮೀ.

ಅದಕ್ಕೇ ಆ ಹಾಳೆಗಳ ಅಂಚಿನಲ್ಲೊಂದು ಪುಟ್ಟ ಚಿತ್ರ ಇರುತ್ತದೆ. ಯಾವ ಭಾಗ ನಿಜವಾಗಿ ಅಳೆದದ್ದು, ಯಾವುದು ಅರೆಬರೆ ಮಾಹಿತಿಯಿಂದ ಬರೆದದ್ದು ಎಂದು ಅದರಲ್ಲೇ ಒಪ್ಪಿಕೊಂಡಿದ್ದಾರೆ. ಇಡೀ ನಕ್ಷೆಯಲ್ಲಿ ನನಗೆ ಅತಿ ಪ್ರಿಯವಾದ ಜಾಗ ಅದು.

ಬೋಮನ್ ಹಾಪ್ಕಿನ್ಸ್‌ಗೆ ಬಂದಾಗ ಆರ್ಥಿಕ ಕುಸಿತದ ಕಾಲ, ಬೊಕ್ಕಸದಲ್ಲಿ ಕೊರತೆ. ಅದನ್ನು ನಿಭಾಯಿಸಿದರು. 1942ರಲ್ಲಿ ಯುದ್ಧಕ್ಕಾಗಿ ಅನ್ವಯಿಕ ಭೌತಶಾಸ್ತ್ರ ಪ್ರಯೋಗಾಲಯವೂ ಶುರುವಾಯಿತು. ಅದೇ 1942ರಲ್ಲಿ ಯಹೂದಿ ವಿದ್ಯಾರ್ಥಿಗಳ ಪ್ರವೇಶಕ್ಕೆ ಮಿತಿ ಹಾಕಿದರು! ಹಿಟ್ಲರನಿಂದ ತಪ್ಪಿಸಿಕೊಂಡ ಯಹೂದಿಗಳು ಎಲ್ಲಿ ನೆಲೆಸಬಹುದೆಂದು ರೂಸ್‌ವೆಲ್ಟ್ ಕೇಳಿದ್ದು ಇವರನ್ನೇ. ಆ ಸಂಕಟ ಗೊತ್ತಿದ್ದವರು ತಮ್ಮ ಬಾಗಿಲನ್ನೇ ಕಿರಿದು ಮಾಡಿದ್ದನ್ನು ‘ಕಾಲವೇ ಹಾಗಿತ್ತು’ ಎಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ.

1948ರಲ್ಲಿ ಹಾರ್ವರ್ಡ್‌ನ ಅಧ್ಯಕ್ಷ ಕಾನಂಟ್ ಭೂಗೋಳವನ್ನು ಕೈಬಿಡಲು ಹೊರಟರು. ಬೋಮನ್ ಅಲ್ಲೇ ಓದಿದವರು, 1905ರ ಪದವೀಧರ, ಆ ಹೊತ್ತಿಗೆ ದೇಶದ ಅತಿ ಪ್ರಭಾವಿ ಭೂಗೋಳಜ್ಞ. ವಿಭಾಗದ ಪರ ಅವರು ನಿಲ್ಲಲಿಲ್ಲ. ಅಲ್ಲಿನ ಪ್ರಾಧ್ಯಾಪಕ ವಿಟಲ್ಸಿಯವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಹಾರ್ವರ್ಡ್‌ನಲ್ಲಿ ಭೂಗೋಳ ವಿಭಾಗ ಇವತ್ತಿಗೂ ಇಲ್ಲ.