ಆ ಮಗುವನ್ನು ಒಳಗೆ ಬಿಟ್ಟವರು ಯಾರು?

ನಿನ್ನೆ ಹುಬ್ಬಳ್ಳಿಯಲ್ಲಿ ರಜನಿಯ ತಮಿಳು ಸಿನಿಮಾ 'ಕೂಲಿ' ನೋಡಿ ಬಂದೆ. ಅದರಲ್ಲಿ ಉಪೇಂದ್ರ ಇದ್ದಾರೆ, ರಚಿತಾ ರಾಮ್ ಇದ್ದಾರೆ, ರಜನಿ ಅಂತೂ ಇದ್ದೇ ಇದ್ದಾರೆ. ನಮ್ಮ ಕಡೆಯವರು ಮನೆಮಂದಿ ಸಮೇತ ಹೋಗದೆ ಇರುತ್ತಾರಾ? ನನ್ನ ಸಂಕಟ ಇರುವುದೇ ಅಲ್ಲಿ.

ನನ್ನ ಮುಂದಿನ ಸಾಲಿನಲ್ಲಿ ಅಪ್ಪ, ಅಮ್ಮ, ಅಪ್ಪನ ತೊಡೆ ಮೇಲೆ ನಾಲ್ಕೈದು ವರ್ಷದ ಹುಡುಗ. ಹೆಣವನ್ನು ಕೂರಿಸಿ ಸುಡುವ ಕುರ್ಚಿ ಪರದೆ ಮೇಲೆ ಬಂದಾಗ ಹುಡುಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅಪ್ಪ ಒಂದು ಕೈ ಸರಿಸಿ, "ಹೆದರಬ್ಯಾಡೋ, ನೋಡು, ಎಲ್ಲಾ ಸುಳ್ಳ ಐತಿ" ಅಂದರು. ಹುಡುಗ ನೋಡಿದ. ಆಮೇಲೆ ಕೇಳಿದ: "ಅಪ್ಪಾ, ಅಂವಾ ಎಲ್ಲಿ ಹೋದ?" ಅಪ್ಪ ಉತ್ತರ ಕೊಡಲಿಲ್ಲ, ಪಾಪ್‌ಕಾರ್ನ್ ಕೊಟ್ಟರು.

ಈ ಸಿನಿಮಾಗೆ ಸಿಕ್ಕಿರುವುದು 'ಎ' ಸರ್ಟಿಫಿಕೇಟ್, ಅಂದರೆ ದೊಡ್ಡವರಿಗೆ ಮಾತ್ರ. ದೊಡ್ಡವರ ಜೊತೆ ಮಕ್ಕಳೂ ನೋಡಬಹುದಾದ ಯು/ಎ ಕೊಡಿ ಅಂತ ನಿರ್ಮಾಪಕರು ಮದ್ರಾಸ್ ಹೈಕೋರ್ಟ್‌ಗೂ ಹೋದರು, ಕೋರ್ಟ್ ಒಪ್ಪಲಿಲ್ಲ. ಅಲ್ಲಿ ಅಷ್ಟೆಲ್ಲ ವಾದ ನಡೆದಿದೆ. ಇಲ್ಲಿ ಗೇಟಿನಲ್ಲಿ ಕೇಳುವವರೇ ಇಲ್ಲ.

ಇಂಟರ್‌ವಲ್‌ನಲ್ಲಿ ಟಿಕೆಟ್ ಹರಿಯುವ ಹುಡುಗನನ್ನು ಕೇಳಿದೆ. "ಕೇಳಿದ್ರ ಜಗಳಕ್ಕ ಬರತಾರ್ರೀ ಸರ. ರಜನಿ ಪಿಚ್ಚರ್ ಅಲ್ರೀ, ಮಕ್ಕಳನ್ನ ಕರಕೊಂಡೇ ಬರತಾರ" ಅಂದ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನನ್ನು ಒಬ್ಬನೇ ಗೇಟಿಗೆ ನಿಲ್ಲಿಸಿ, ಜಗಳವೆಲ್ಲ ಅವನ ತಲೆಗೆ ಕಟ್ಟಿ, ಒಳಗೆ ಎಸಿ ರೂಮಿನಲ್ಲಿ ಕೂತವರ ಮೇಲೆ ಇದೆ.

ಬಹಳ ಜನ ತಿಳಿದುಕೊಂಡಿರುವುದು, ಅಪ್ಪ-ಅಮ್ಮ ಜೊತೆಗಿದ್ದರೆ ಮಕ್ಕಳು ಯಾವ ಸಿನಿಮಾ ಬೇಕಾದರೂ ನೋಡಬಹುದು ಅಂತ. ಆ ಮಾತು ಯು/ಎ ಸಿನಿಮಾಗೆ. ಅದರಲ್ಲೂ 2023ರ ತಿದ್ದುಪಡಿಯಲ್ಲಿ 7+, 13+, 16+ ಅಂತ ವಿಂಗಡಿಸಿದ್ದಾರೆ, ತಂದೆ-ತಾಯಿಗೆ ಅಂದಾಜು ಸಿಗಲಿ ಅಂತ. 'ಎ' ಹಾಗಲ್ಲ. 18 ತುಂಬದವರಿಗೆ ತೋರಿಸುವ ಹಾಗೇ ಇಲ್ಲ, ಯಾರ ಜೊತೆ ಬಂದರೂ ಇಲ್ಲ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲೇ ಇದು ಇದೆ. ಸಿನಿಮಾ ಶುರುವಾಗುವ ಮುಂಚೆ ಸರ್ಟಿಫಿಕೇಟನ್ನು ಅಷ್ಟು ದೊಡ್ಡದಾಗಿ ತೋರಿಸುತ್ತಾರಲ್ಲ, ಯಾರಿಗಾಗಿ ಅದು?

ನಾನು ಹೊಡೆದಾಟದ ಸಿನಿಮಾ ಬೇಡ ಅನ್ನುವವನಲ್ಲ, ನನ್ನ ಗೆಳೆಯರಿಗೆ ಗೊತ್ತು. 'ಗರುಡ ಗಮನ ವೃಷಭ ವಾಹನ'ದಲ್ಲಿ ಕೊಲೆ ಮಾಡಿ ಬಂದ ಶಿವ ಮಳೆಯಲ್ಲಿ ಹುಲಿ ಕುಣಿತ ಕುಣಿಯುತ್ತಾನಲ್ಲ, ಅದನ್ನು ನೋಡಿ ನಿದ್ದೆ ಬಂದಿರಲಿಲ್ಲ. ಅದು ಬೇಕಾದ ಸಿನಿಮಾ, ನನ್ನಂಥವರಿಗೆ. ಐದು ವರ್ಷದ ಮಗುವಿಗಲ್ಲ.

ಆ ಶಿವನ ಪಾತ್ರ ಮಾಡಿದ ರಾಜ್ ಬಿ. ಶೆಟ್ಟಿಯೇ ನಿರ್ಮಿಸಿ, ಗುರೂಜಿಯಾಗಿ ನಟಿಸಿದ 'ಸು ಫ್ರಮ್ ಸೋ'ವನ್ನು ಇತ್ತೀಚೆಗೆ ಧಾರವಾಡದಲ್ಲಿ ಮನೆಯವರೆಲ್ಲ ಸೇರಿ ನೋಡಿದೆವು. ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗ ಮೈಮೇಲೆ ಸುಲೋಚನಾ ಅನ್ನುವವಳ ದೆವ್ವ ಬಂದ ಹಾಗೆ ನಟಿಸುತ್ತಾನೆ, ಇಡೀ ಊರು ನಂಬುತ್ತದೆ. ಕರಾವಳಿ ಮಾತು ನಮ್ಮ ಅವ್ವನಿಗೆ ಅರ್ಧ ತಿಳಿಯಲಿಲ್ಲ, ಆದರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ರವಿಯಣ್ಣನ ಪಾತ್ರ ಬಂದಾಗಲೆಲ್ಲ ಥಿಯೇಟರ್ ತುಂಬಾ ಕೂಗು. ಆ ಹುಡುಗಾಟ ಅಲ್ಲಿಗೇ ನಿಲ್ಲುವುದಿಲ್ಲ. ಸತ್ತ ಸುಲೋಚನಾಗೂ ಒಬ್ಬ ಮಗಳಿದ್ದಾಳೆ, ಅವಳಿಗೂ ಒಂದು ಕಷ್ಟ ಇದೆ ಅಂತ ಊರಿಗೆ ಗೊತ್ತಾಗುತ್ತದೆ. ಹೊರಗೆ ಬಂದ ಮೇಲೆ ನನ್ನ ತಂಗಿಯ ಮಗ ಕೇಳಿದ್ದು ಆ ಮಗಳ ಬಗ್ಗೆಯೇ. ಅಂಥ ಪ್ರಶ್ನೆಗೆ ದೊಡ್ಡವರು ಕೂತು ಉತ್ತರ ಕೊಡಬಹುದು. "ಅಂವಾ ಎಲ್ಲಿ ಹೋದ" ಅನ್ನುವುದಕ್ಕೆ ಏನು ಹೇಳುತ್ತೀರಿ?

ಇದನ್ನು ಹೇಳಿದರೆ ಒಬ್ಬ ಗೆಳೆಯ ಅಂದ, "ಮೊಬೈಲ್‌ನ್ಯಾಗ ಎಲ್ಲಾ ನೋಡ್ತಾವ ಬಿಡೋ." ನಾನು ಒಪ್ಪುವುದಿಲ್ಲ. ಮೊಬೈಲ್ ಕಸಿದುಕೊಳ್ಳಬಹುದು, ಮಗುವೇ ಎದ್ದು ಹೋಗಬಹುದು. ಇಲ್ಲಿ ಕತ್ತಲು, ಎದೆ ನಡುಗಿಸುವ ಸೌಂಡು, ಸುಮಾರು ಎರಡು ಮುಕ್ಕಾಲು ಗಂಟೆ. ಮೇಲೆ ನಂಬಿದ ಅಪ್ಪನೇ ಪಕ್ಕದಲ್ಲಿ ಕೂತು ನೋಡು ಅನ್ನುತ್ತಿದ್ದಾನೆ. ಎರಡೂ ಒಂದೇನಾ?

ಆ ತಾಯಿಯನ್ನು ನೆನೆದರೆ ಮಾತ್ರ ಬೇಜಾರಾಗುತ್ತದೆ. ಮಗುವನ್ನು ಬಿಟ್ಟು ಬರಲು ಮನೆಯಲ್ಲಿ ಯಾರೂ ಇರಲಿಕ್ಕಿಲ್ಲ. ಅವಳಿಗೂ ಸಿನಿಮಾ ನೋಡುವ ಆಸೆ ಇರುತ್ತದೆ, ಅಲ್ವಾ? ಹಾಗಿದ್ದರೆ ಅಪ್ಪ ಒಂದು ಶೋ, ಅಮ್ಮ ಒಂದು ಶೋ ನೋಡಲಿ. ಇಲ್ಲವೇ ಮೂವರೂ ಬೇರೆ ಸಿನಿಮಾಗೆ ಹೋಗಲಿ.

ಥಿಯೇಟರ್‌ನವರು ಮಾಡಬೇಕಾದ್ದು ಜಾಸ್ತಿ ಏನಿಲ್ಲ. ಕೌಂಟರ್‌ನಲ್ಲಿ ಟಿಕೆಟ್ ಕೊಡುವಾಗಲೇ "ಮಕ್ಕಳಿದ್ದಾರಾ?" ಅಂತ ಕೇಳಿ. ಇದ್ದರೆ ಕೊಡಬೇಡಿ. ಗೇಟಿನ ತನಕ ಬಂದಿದ್ದರೆ ದುಡ್ಡು ವಾಪಸ್ ಕೊಡಿ.

ನಾಳೆ ಕೆಲಸ ಮುಗಿಸಿ ಆ ಥಿಯೇಟರ್‌ಗೆ ಹೋಗಿ ಮ್ಯಾನೇಜರ್ ಕೈಗೆ ಬರೆದುಕೊಡುತ್ತೇನೆ. ಜೊತೆಗೆ ಬರುವವರು ಇನ್‌ಬಾಕ್ಸ್‌ಗೆ ಬನ್ನಿ. ಗದಗ, ಹಾವೇರಿ ಗೆಳೆಯರೇ, ನಿಮ್ಮ ಕಡೆ 'ಎ' ಸಿನಿಮಾಗೆ ಯಾರಾದರೂ ಮಕ್ಕಳನ್ನು ತಡೆದು ವಾಪಸ್ ಕಳಿಸಿದ್ದನ್ನು ನೋಡಿದ್ದೀರಾ? ನೋಡಿದ್ದರೆ ಹೇಗೆ ಮಾಡಿದರು ಅಂತ ಬರೆಯಿರಿ, ಅದನ್ನೂ ಅರ್ಜಿಯಲ್ಲಿ ಸೇರಿಸುತ್ತೇನೆ.