ಚುಚ್ಚಿದರೆ ಗಡ್ಡೆ ಕೆರಳುತ್ತಾ?
ಗಡ್ಡೆ ಕೊಯ್ಸುವ ಮೊದಲು ಸೂಜಿ ಬಯಾಪ್ಸಿ (ಸೂಜಿಯಿಂದ ಚೂರು ತೆಗೆದು ಪರೀಕ್ಷೆ) ಮಾಡಿಸಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಒಳ್ಳೆಯದಾಯಿತು. 'ಚುಚ್ಚಿದರೆ ಕೆರಳುತ್ತೆ' ಅನ್ನೋ ಭಯ ನಮ್ಮ ಮಂಡ್ಯ ಕಡೆ ಈಗಲೂ ಇದೆ. ನಮ್ಮ ಭಾವನ ತೊಡೆಯಲ್ಲಿ ಗಂಟಿತ್ತು, ನೋವಿರಲಿಲ್ಲ. ಒಬ್ಬ ಡಾಕ್ಟರು ಕೊಬ್ಬಿನ ಗಂಟು ಅಂತ ಸ್ಕ್ಯಾನ್ ಕೂಡ ಇಲ್ಲದೆ ಕೊಯ್ದು ತೆಗೆದರು. ಆರು ತಿಂಗಳಿಗೆ ಮತ್ತೆ ಬಂತು. ಆಮೇಲೆ ಮೈಸೂರಿನಲ್ಲಿ ಎಂಆರ್‌ಐ, ದಪ್ಪ ಸೂಜಿಯ ಕೋರ್ ಬಯಾಪ್ಸಿ. ಸೈನೋವಿಯಲ್ ಸಾರ್ಕೋಮಾ, ಅಂದರೆ ಮೃದು ಅಂಗಾಂಶದ ಒಂದು ಬಗೆಯ ಕ್ಯಾನ್ಸರ್, ಇರಬಹುದು ಅಂದರು. ಖಚಿತವಾಗಿದ್ದು ಫಿಶ್ ಟೆಸ್ಟಿನಲ್ಲಿ, ಅಂದರೆ ಹೊಳೆಯುವ ಬಣ್ಣ ಹಚ್ಚಿ ಜೀನ್ ನೋಡುವ ಪರೀಕ್ಷೆಯಲ್ಲಿ (ಮೀನಿಗೂ ಇದಕ್ಕೂ ಸಂಬಂಧವಿಲ್ಲ, ಭಾವ ಕೇಳಿಯೇಬಿಟ್ಟರು!). ಈ ಕಾಯಿಲೆಯಲ್ಲಿ ಎಕ್ಸ್ ಮತ್ತು 18ನೇ ಕ್ರೋಮೋಸೋಮಿನ ತುಂಡುಗಳು ಅದಲುಬದಲಾಗಿ ಎಸ್‌ಎಸ್18 ಜೀನ್ ಒಡೆದಿರುತ್ತದೆ. ಹುಡುಕುವುದು ಅದನ್ನೇ. ಬಯಾಪ್ಸಿಯ ಚೂರನ್ನು ಮೇಣದಲ್ಲಿ ಕೂಡಿಸಿಟ್ಟ ಬ್ಲಾಕಿನಲ್ಲೇ ಈ ಟೆಸ್ಟ್ ಮಾಡಿದರು, ಮತ್ತೆ ಚುಚ್ಚಲಿಲ್ಲ. 5 ಸೆಂ.ಮೀ. ಮೀರಿದ ಗಂಟನ್ನು ಸುಮ್ನೆ ಕೊಯ್ಸಿಕೊಳ್ಳಬೇಡಿ, ಮೊದಲು ಸ್ಕ್ಯಾನ್ ಮಾಡಿಸಿ.